ಯಂತ್ರವು ಯಾರದು, ಧ್ವನಿಯು ಯಾರದು?

ಹಣ ಕೊಟ್ಟು ಕೊಂಡ ಪದಾರ್ಥವು ಕೊಂಡವನಿಗೆ ಸೇರಿದ್ದು. ಅದನ್ನು ತನ್ನ ರುಚಿಗೆ ತಕ್ಕಂತೆ ತಿದ್ದಿಕೊಳ್ಳುವ ಅಧಿಕಾರವೂ ಅವನದೇ ಎಂಬುದು ಲೋಕಸಮ್ಮತವಾದ ಮಾತು. ಆದರೆ ಮೋಟಾರು ಬೈಸಿಕಲ್ಲಿನ ಹೊಗೆಕೊಳವೆಯನ್ನು ತಿದ್ದಿ, ಎಂಜಿನ್ನಿನ ಶಕ್ತಿಗೆ ಕುಂದು ಬಾರದಂತೆ ಅದರ ಧ್ವನಿಯನ್ನು ಮಾತ್ರ ಸೊಗಸುಗೊಳಿಸಿಕೊಳ್ಳಬೇಕೆಂದು ಹೊರಡುವ ತರುಣನ ವಿಷಯದಲ್ಲಿ ಈ ಮಾತು ಅರ್ಧಕ್ಕೇ ನಿಂತುಬಿಡುತ್ತದೆ. ಯಂತ್ರವು ಅವನದೇ ಸರಿ; ಅದರಿಂದ ಹೊರಟ ಧ್ವನಿಯು ಯಾರದು?

ಈ ಹಂಬಲವನ್ನೇ ಪುಂಡಾಟವೆಂದು ತಳ್ಳಿಬಿಡುವ ಹಿರಿಯರು ಅನೇಕರಿದ್ದಾರೆ. ಅದು ನ್ಯಾಯವಲ್ಲ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾಗುತ್ತಿದ್ದ ಜಾವಾ, ಯೆಜ್ದಿ ಗಾಡಿಗಳನ್ನು ಏರಿದವರು ಇಂದಿನ ಹಿರಿಯರೇ ಅಲ್ಲವೆ? ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರುಗಳಿದ್ದ ಆ ಗಾಡಿಯ ಸದ್ದನ್ನು ಕೇಳಿಯೇ ತಂದೆಯವರು ಬೀದಿಯ ತಿರುವಿಗೆ ಬಂದರೆಂದು ಮನೆಯ ಮಕ್ಕಳು ತಿಳಿದುಕೊಳ್ಳುತ್ತಿದ್ದರು. ಬುಲೆಟ್ ಗಾಡಿಯ ಮಾತಂತೂ ಹೇಳಬೇಕಾದುದೇ ಇಲ್ಲ. ನಾಲ್ಕು ಹೊಡೆತದ ಎಂಜಿನ್ನಾದುದರಿಂದ ಚಕ್ರದಂಡವು ಎರಡು ಸುತ್ತು ಸುತ್ತುವುದರೊಳಗೆ ಅದು ಒಂದೇ ಸಲ ಸಿಡಿಯುತ್ತದೆ. ನಿಂತಲ್ಲಿ ನಿಮಿಷಕ್ಕೆ 900 ಸುತ್ತುಗಳಾದರೆ ಸೆಕೆಂಡಿಗೆ ಏಳೂವರೆ ಸಿಡಿತ. ಕಿವಿಯು ಒಂದೊಂದನ್ನೂ ತಾಳದ ಪೆಟ್ಟಿನಂತೆ ಬೇರೆಬೇರೆಯಾಗಿ ಎಣಿಸಬಲ್ಲುದು. ಓಟದಲ್ಲಿ 3000 ಸುತ್ತುಗಳಿಗೆ ಏರಿತೆಂದರೆ ಸೆಕೆಂಡಿಗೆ 25 ಆಗುತ್ತದೆ. ಮನುಷ್ಯನ ಕಿವಿಗೆ ಸ್ಥಾಯಿಯೆಂಬುದು ತೋರಲಾರಂಭಿಸುವುದು ಸುಮಾರು 20ರಿಂದ. ಆದುದರಿಂದ ಆ ಗಾಡಿಯ ವೇಗವು ಹೆಚ್ಚುತ್ತಿರುವಾಗ ತಾಳವು ಶ್ರುತಿಯಾಗುವ ಸಂಧಿಯನ್ನೇ ಕೇಳಿದಂತಾಗುತ್ತದೆ. ಇದರಲ್ಲಿ ಒಬ್ಬನ ಮನಸ್ಸು ನಟ್ಟುದಾದರೆ ಅವನಿಗೆ ಕಿವಿಯುಂಟೆಂದೇ ಹೇಳಬೇಕು.

ಇನ್ನು ಒಡೆತನದ ಮಾತು. ಅಮೆರಿಕದ ಹಾರ್ಲೆ-ಡೇವಿಡ್‌ಸನ್ ಸಂಸ್ಥೆಯವರು 1994ರಲ್ಲಿ ತಮ್ಮ ಗಾಡಿಯ ಹೊಗೆಕೊಳವೆಯ ಸದ್ದನ್ನೇ ವ್ಯಾಪಾರದ ಮುದ್ರೆಯಾಗಿ ನೋಂದಾಯಿಸಿಕೊಡಬೇಕೆಂದು ಅರ್ಜಿ ಹಾಕಿದ್ದರು. ಎರಡು ಸಿಲಿಂಡರುಗಳು ಒಂದೇ ಕೀಲಿಗೆ ಜೋಡಿಸಿ 45 ಡಿಗ್ರಿಯ ಕೋನದಲ್ಲಿ ನಿಂತಿರುವುದರಿಂದ ಸಿಡಿತಗಳ ನಡುವಣ ಅಂತರವು ಒಮ್ಮೆ 315 ಡಿಗ್ರಿ, ಮತ್ತೊಮ್ಮೆ 405 ಡಿಗ್ರಿ. ಅದರ ಕುಂಟುನಡೆಯ ಲಯಕ್ಕೆ ಇದೇ ಕಾರಣ. ಇತರ ತಯಾರಕರು ಆಕ್ಷೇಪಿಸಿದರು. ವ್ಯಾಜ್ಯವು ವರ್ಷಗಟ್ಟಲೆ ಎಳೆದು, 2000ದಲ್ಲಿ ಸಂಸ್ಥೆಯವರೇ ಅರ್ಜಿಯನ್ನು ಹಿಂತೆಗೆದುಕೊಂಡರು. ಧ್ವನಿಗೆ ಬೇಲಿ ಹಾಕುವುದು ಅಷ್ಟು ಸುಲಭವಲ್ಲ.

ನಮ್ಮ ತಾರ್ಕಿಕರು ಶಬ್ದವನ್ನು ಆಕಾಶದ ಗುಣವೆಂದರು. ಅದು ಹುಟ್ಟಿದೆಡೆಯಿಂದ ಕಿವಿಗೆ ಬರುವ ಬಗೆಯನ್ನು ಹೇಳುವಾಗ, ನೀರಿನ ಅಲೆಯಂತೆ ಎಂದು ವೀಚೀತರಂಗನ್ಯಾಯವನ್ನೂ, ಕದಂಬದ ಮೊಗ್ಗು ಒಮ್ಮೆಗೇ ಎಲ್ಲ ದಿಕ್ಕಿಗೂ ಅರಳುವಂತೆ ಎಂದು ಕದಂಬಮುಕುಲನ್ಯಾಯವನ್ನೂ ಎತ್ತಿಕೊಂಡರು. ಶಬ್ದವು ಗಾಳಿಯ ಕಂಪನವೆಂದು ಈಗಿನ ಶಾಸ್ತ್ರವು ನಿರ್ಣಯಿಸಿದೆ. ಆಕಾಶಗುಣವಾದವು ಅದರೊಂದಿಗೆ ಬಿದ್ದುಹೋಯಿತು. ಆದರೂ ಕದಂಬದ ದೃಷ್ಟಾಂತವು ಉಳಿದುಕೊಂಡಿದೆ. ಸವಾರನು ತನ್ನ ಸಂತೋಷಕ್ಕೆಂದು ಹುಟ್ಟಿಸಿದ ಶಬ್ದವು ಅವನ ಕಿವಿಯನ್ನು ಮಾತ್ರ ಆರಿಸಿಕೊಂಡು ಹೋಗದು. ಬೀದಿಯ ಎರಡು ಪಕ್ಕದ ಮನೆಗಳಿಗೂ, ಜ್ವರದಿಂದ ನರಳಿ ಈಗತಾನೇ ಕಣ್ಣು ಮುಚ್ಚಿದ ಕೂಸಿಗೂ ಅದು ಒಂದೇ ಕ್ಷಣದಲ್ಲಿ ಅರಳುತ್ತದೆ. ಕಣ್ಣಿಗೆ ರೆಪ್ಪೆಯುಂಟು, ಕಿವಿಗಿಲ್ಲ. ಬೇಡವಾದ ಚಿತ್ರದಿಂದ ಮುಖ ತಿರುಗಿಸಬಹುದು. ಬೇಡವಾದ ಶಬ್ದಕ್ಕೆ ಬೆನ್ನು ಹಾಕಿ ಪ್ರಯೋಜನವೇನು?

ಹಾಗಾದರೆ ಧ್ವನಿಯನ್ನು ತಿದ್ದುವುದೇ ತಪ್ಪೆ? ಇಲ್ಲಿ ತರುಣನ ಪಕ್ಷವನ್ನು ಸಾವಧಾನವಾಗಿ ಕೇಳಬೇಕು. ಅವನು ಬೇಡುವುದು ಒಳ್ಳೆಯ ಧ್ವನಿ. ಗ್ಯಾರೇಜಿನಲ್ಲಿ ಬಹುಮಟ್ಟಿಗೆ ಅವನಿಗೆ ಸಿಕ್ಕುವುದು ದೊಡ್ಡ ಧ್ವನಿ. ಇವೆರಡೂ ಒಂದೇ ಎಂದು ಭ್ರಮಿಸುವುದರಲ್ಲಿಯೇ ಅನರ್ಥದ ಮೂಲವಿದೆ. ಬರಿಯ ತೊಗಲನ್ನು ಬಿಗಿದು ಬಾರಿಸಿದರೆ ಅದರ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ಬಲಮುಖಕ್ಕೆ ಕರಣೆಯನ್ನು ಮೆತ್ತಿ ಭಾರವನ್ನು ಹೇರಿದಾಗಲೇ ಅವು ಮೂಲಸ್ವರದ ಸರಿಯಾದ ಗುಣಕಗಳಾಗಿ ನಿಲ್ಲುತ್ತವೆ ಎಂಬುದನ್ನು ಸಿ. ವಿ. ರಾಮನ್ನರು 1920ರಲ್ಲಿ ವಿವರಿಸಿದರು. ತೊಗಲಿಗೆ ನಾದ ಬಂದುದು ಕಟ್ಟಿನಿಂದ.

ಸೈಲೆನ್ಸರಿನ ಕಥೆಯೂ ಇದಕ್ಕೆ ದೂರವಾದುದಲ್ಲ. ವಾಲ್ವು ತೆರೆದೊಡನೆ ಒತ್ತಡದಲ್ಲಿರುವ ಬಿಸಿಯ ಅನಿಲವು ಕೊಳವೆಗೆ ನುಗ್ಗುತ್ತದೆ. ಆ ಒತ್ತಡದ ಅಲೆಯು ಕೊಳವೆಯ ತೆರೆದ ತುದಿಯನ್ನು ಮುಟ್ಟಿ, ಒತ್ತಡ ತಗ್ಗಿದ ಅಲೆಯಾಗಿ ಹಿಂದಿರುಗುತ್ತದೆ. ಕೊಳವೆಯ ಉದ್ದವು ಸರಿಯಾಗಿದ್ದರೆ, ಹಿಂದಿರುಗಿದ ಅಲೆಯು ಸಿಲಿಂಡರಿನಲ್ಲಿ ಉಳಿದ ಸುಟ್ಟ ಅನಿಲವನ್ನು ಹೊರಕ್ಕೆ ಸೆಳೆದು ಹೊಸ ಮಿಶ್ರಣಕ್ಕೆ ಎಡೆಮಾಡುತ್ತದೆ. ಎರಡು ಹೊಡೆತದ ಎಂಜಿನ್ನಿನಲ್ಲಿ ಕೆಲಸವು ಇನ್ನೂ ಸೂಕ್ಷ್ಮ. ಅಲ್ಲಿ ತಪ್ಪಿಸಿಕೊಂಡು ಹೋಗುವ ಹೊಸ ಮಿಶ್ರಣವನ್ನು ಮರಳಿ ಒಳಕ್ಕೆ ತಳ್ಳುವ ಅಲೆಯೊಂದು ಬೇಕು. ಪೂರ್ವ ಜರ್ಮನಿಯ ಎಂ.ಜೆಡ್. ಸಂಸ್ಥೆಯ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ಕೊಳವೆಯ ಉಬ್ಬುತಗ್ಗುಗಳನ್ನು ಲೆಕ್ಕಹಾಕಿ ತಿದ್ದಿಯೇ ಸಣ್ಣ ಎಂಜಿನ್ನುಗಳಿಂದ ಅದ್ಭುತವಾದ ಶಕ್ತಿಯನ್ನು ಹೊರಡಿಸಿದನು. ಆದುದರಿಂದ ಹೊಗೆಕೊಳವೆಯು ಎಂಜಿನ್ನಿಗೆ ಅಂಟಿಸಿದ ಬಾಲವಲ್ಲ, ಅದರ ಅಂಗ. ಒಳಗಿನ ತಡಿಕೆಗಳನ್ನು ಕಿತ್ತೆಸೆದವನು, ಸದ್ದು ಹೆಚ್ಚಿತಾದುದರಿಂದ ಶಕ್ತಿಯೂ ಹೆಚ್ಚಿತೆಂದು ನಂಬುತ್ತಾನೆ. ಕಾರ್ಬ್ಯುರೇಟರಿನ ಗಾಡಿಯಲ್ಲಿ ಮಿಶ್ರಣಕ್ಕೆ ಪೆಟ್ರೋಲು ಸಾಲದೆ ಎಂಜಿನ್ನು ಹೆಚ್ಚು ಕಾಯುತ್ತದೆ. ಜೆಟ್ಟನ್ನು ಬದಲಾಯಿಸಿ ಹೊಂದಿಸದೆ ಗತಿಯಿಲ್ಲ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮಕ್ಕೆ ಒಳಪಟ್ಟ ಗಾಡಿಗಳಲ್ಲಂತೂ ಕೊಳವೆಯೊಳಗೆ ಆಮ್ಲಜನಕವನ್ನು ಅಳೆಯುವ ಸೆನ್ಸರೂ, ವಿಷಾನಿಲವನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರೂ ಇರುತ್ತವೆ. ಅದನ್ನು ತೆಗೆದುಹಾಕಿದವನು ನೆರೆಯವರ ಕಿವಿಗೆ ಮಾತ್ರವಲ್ಲ, ಉಸಿರಿಗೂ ಕೈ ಹಾಕಿದಂತಾಯಿತು.

ಸರಿಯಾದ ದಾರಿಯೇ ಇಲ್ಲವೆಂದಲ್ಲ. ಕೊಳವೆಯ ಉದ್ದವನ್ನೂ ಕನ್ವರ್ಟರನ್ನೂ ಮುಟ್ಟದೆ, ರಂಧ್ರಗಳುಳ್ಳ ಒಳಕೊಳವೆಯ ಸುತ್ತ ಗ್ಲಾಸ್ ವೂಲನ್ನು ತುಂಬಿದರೆ ಕೀಚಲಾದ ಮೇಲಿನ ಸ್ವರಗಳು ಅದರಲ್ಲಿ ಇಂಗಿ, ಗಂಭೀರವಾದ ಮಂದ್ರವು ಉಳಿಯುತ್ತದೆ. ಸಿಡುಕು ಹೋಗಿ ಗಾಂಭೀರ್ಯವು ಬರುತ್ತದೆ. ಹತ್ತು ಡೆಸಿಬಲ್ ಏರಿದರೆ ಶಬ್ದದ ತೀವ್ರತೆಯು ಹತ್ತು ಮಡಿಯಾಗುವುದೆಂಬುದನ್ನು ನೆನಪಿಟ್ಟು, ಮಾಪಕವನ್ನು ಕೈಯಲ್ಲಿ ಹಿಡಿದು, ಕಾಯಿದೆಯ ಮಿತಿಯೊಳಗೆ ಈ ಕೆಲಸವನ್ನು ಮಾಡಬಲ್ಲ ಮೆಕ್ಯಾನಿಕನು ವೈಣಿಕನ ಮೇಳಗಟ್ಟುವವನಿಗೆ ಸಮಾನನು. ಅಂಥವನು ವಿರಳ, ಅವನಲ್ಲಿಗೆ ಹೋಗುವ ತಾಳ್ಮೆಯುಳ್ಳವರು ಇನ್ನೂ ವಿರಳ.

ದೊಡ್ಡ ಸದ್ದಿನಿಂದ ಇದಿರಿನವರಿಗೆ ಎಚ್ಚರಿಕೆಯಾಗಿ ಪ್ರಾಣರಕ್ಷಣೆಯಾಗುತ್ತದೆ ಎಂಬ ವಾದವೊಂದುಂಟು. ಕೊಳವೆಯ ಬಾಯಿ ಹಿಂದಕ್ಕಿದೆ. ಅಪಾಯವು ಹೆಚ್ಚಾಗಿ ಬರುವುದು ಮುಂದಿನಿಂದ. ಇದರ ಮೇಲೆ ಹೆಚ್ಚು ಬರೆಯಬೇಕಾದುದಿಲ್ಲ.

ಇದಕ್ಕಿಂತ ಬಲವಾದ ಪ್ರತಿವಾದವನ್ನು ತರುಣರು ಬಾಯಿ ಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ. ತಮ್ಮ ಸೈಲೆನ್ಸರುಗಳನ್ನು ಪೋಲೀಸರು ಸುಲಿದು ರಸ್ತೆಯ ಮೇಲೆ ಸಾಲಾಗಿ ಹರಡಿ ರೋಡ್ ರೋಲರನ್ನು ಹಾಯಿಸುವಾಗ ಭೇಷ್ ಎನ್ನುವ ಗೃಹಸ್ಥರೇ ಮದುವೆ, ಉತ್ಸವಗಳಲ್ಲಿ ಧ್ವನಿವರ್ಧಕಗಳನ್ನು ಕಟ್ಟಿ ಊರಿಗೆ ಊರನ್ನೇ ಎಬ್ಬಿಸುವುದಿಲ್ಲವೆ? 2000ನೆಯ ಇಸವಿಯ ಶಬ್ದನಿಯಮಗಳು ವಾಸದ ಬಡಾವಣೆಗೆ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಗೊತ್ತುಮಾಡಿದುವು. ಬೈಕಿಗೊಂದು, ಭಜನೆಗೊಂದು ಎಂದು ಎರಡು ಅಳತೆಗಳನ್ನು ಇಡಲಿಲ್ಲ. 2005ರ ಜುಲೈ 18ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಮಾತನಾಡುವ ಹಕ್ಕುಳ್ಳವನಿಗೂ ಒಲ್ಲದವನ ಕಿವಿಯಲ್ಲಿ ಅದನ್ನು ಬಲವಂತವಾಗಿ ತುಂಬುವ ಹಕ್ಕಿಲ್ಲವೆಂದು ಹೇಳಿದಾಗ ಅದರ ಮುಂದಿದ್ದುದು ಮುಖ್ಯವಾಗಿ ಧ್ವನಿವರ್ಧಕ, ಪಟಾಕಿಗಳ ಹಾವಳಿ. ಈ ತೀರ್ಪನ್ನು ಮೊದಲು ಪಾಲಿಸಬೇಕಾದವರು ಹಿರಿಯರು. ತಾವು ಪಾಲಿಸದೆ ಮಗನಿಗೆ ಬೋಧಿಸಿದರೆ, ಅವನು ಮರ್ಯಾದೆಗೆ ತಲೆದೂಗಿ, ಬಾಗಿಲು ದಾಟಿದೊಡನೆ ಗಾಡಿಯ ಕಿವಿ ಹಿಂಡುತ್ತಾನೆ.

ವಿದ್ಯುತ್ತಿನ ಕಾರುಗಳು ಬಂದ ಮೇಲೆ ಪ್ರಶ್ನೆಯು ವಿಚಿತ್ರವಾದ ತಿರುವನ್ನು ಪಡೆದಿದೆ. ನಿಧಾನವಾಗಿ ಬರುವಾಗ ಅವಕ್ಕೆ ಸದ್ದೇ ಇಲ್ಲದಿರುವುದರಿಂದ ಕುರುಡರಿಗೂ ಮಕ್ಕಳಿಗೂ ಅಪಾಯವೆಂದು ಯುರೋಪಿನ ಒಕ್ಕೂಟವು 2019ರ ಜುಲೈಯಿಂದ ಹೊಸ ಮಾದರಿಯ ಕಾರುಗಳಿಗೂ, 2021ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೂ ಕೃತಕಧ್ವನಿಯನ್ನು ಕಡ್ಡಾಯಮಾಡಿತು. ಆ ಧ್ವನಿಯು ಗಂಟೆಗೆ 20 ಕಿಲೋಮೀಟರಿನ ವೇಗದಲ್ಲಿ 56 ಡೆಸಿಬಲ್ಲಿಗಿಂತ ಕಡಿಮೆಯಾಗಕೂಡದು, 75ನ್ನು ಮೀರಲೂ ಕೂಡದು. ಈ ಎರಡು ಅಂಕೆಗಳನ್ನು ಗೊತ್ತುಮಾಡುವಾಗ ಯಾರೂ ಚಾಲಕನ ಅಭಿರುಚಿಯನ್ನು ಕೇಳಲಿಲ್ಲ. ರಸ್ತೆಯ ಅಂಚಿನಲ್ಲಿ ಕೋಲು ಹಿಡಿದು ನಿಂತವನ ಕಿವಿಯಿಂದ ಅಳೆದರು.