ಸೆಳೆವನ ಪಾಲು

ಗೃಹಸ್ಥನಿಗೆ ಹೇಳಿದ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ತ್ಯಾಗರಾಜನಗರದ ನಮ್ಮ ಮನೆಯಲ್ಲಿ ತಂದೆಯವರು ಕೊನೆಯವರೆಗೂ ತಾರಸಿಯ ಮೇಲೆ ಕಾಗೆಗೆ ಒಂದು ಹಿಡಿ ಅನ್ನವಿಟ್ಟೇ ಊಟಕ್ಕೆ ಕೂರುತ್ತಿದ್ದರು. ಅಲ್ಲಿ ಇಡುವ ಕೈ ನಮ್ಮದು, ಎಷ್ಟು ಇಡಬೇಕೆಂಬ ಲೆಕ್ಕವೂ ನಮ್ಮದೇ. ಕೇಳದೆ ಬಂದು ತಿಂದುಹೋಗುವ ಜೀವಕ್ಕೂ ಪಾಲುಂಟೇ?

ಈ ಪ್ರಶ್ನೆ ನನ್ನನ್ನು ಹಿಡಿದದ್ದು ಮಾಗಡಿ ಕೆರೆಯ ದಂಡೆಯಲ್ಲಿ. ಕೆಂಪೇಗೌಡರ ಮಾಗಡಿಯಲ್ಲ, ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನದು. ಮಂಗೋಲಿಯಾ, ಟಿಬೆಟ್‌ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಸಾವಿರಗಟ್ಟಲೆ ಅಲ್ಲಿ ತಂಗುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೂ ಸೇರಿತು. ಬಿಸಿಲೇರಿದಾಗ ನೀರಿನಲ್ಲಿ ವಿಶ್ರಾಂತಿ, ಉಳಿದಂತೆ ಸುತ್ತಲಿನ ಹೊಲಗಳಲ್ಲಿ ಮೇವು. ನನ್ನ ಹೆಂಡತಿಯ ತವರಿನ ಎರೆಹೊಲ ಅಲ್ಲೇ ಹತ್ತಿರ. ಕಡಲೆಯ ಎಳೆ ಕುಡಿ ಮೇಯ್ದುಹೋದ ಸಾಲುಗಳನ್ನು ನಾನು ನೋಡುತ್ತ ನಿಂತಿದ್ದರೆ ನಮ್ಮತ್ತೆ, “ಉಣ್ಲಿ ಬಿಡ್ರಿ, ಭಾಳ ದೂರದಿಂದ ಬಂದಾವ” ಅಂದರು.

ನಮ್ಮ ಬಸವನಗುಡಿಯ ಕಥೆಯೂ ಬೆಳೆ ತಿಂದ ಪ್ರಾಣಿಯದೇ. ಸುಂಕೇನಹಳ್ಳಿಯ ರೈತ ಕಡಲೆಕಾಯಿ ಮೇಯುತ್ತಿದ್ದ ಬಸವನನ್ನು ಹೊಡೆದನಂತೆ, ಅದು ಕಲ್ಲಾಯಿತಂತೆ. ಕಾರ್ತಿಕದ ಕೊನೆಯ ಸೋಮವಾರ ನಾವು ಪರಿಷೆ ಮಾಡಿ ಆ ಕಲ್ಲಿಗೆ ಕಡಲೆಕಾಯಿ ಅರ್ಪಿಸುತ್ತೇವೆ. ನಮ್ಮತ್ತೆ ಹೊಡೆಯುವ ಮೊದಲೇ ಕೈ ತಡೆದವರು. ನನಗೆ ಅದು ಪರಿಷೆಗಿಂತ ದೊಡ್ಡ ಪೂಜೆಯಾಗಿ ಕಂಡಿತು, ಈಗಲೂ ಕಾಣುತ್ತದೆ.

ಆದರೆ ಅದೇ ಕೆರೆಯ ಜೊಂಡಿನ ಮೇಲೆ ಜೌಗು ಸೆಳೆವ ಎಂಬ ಬೇಟೆಹಕ್ಕಿ ತಗ್ಗಿನಲ್ಲಿ ತೇಲಿ ಬಂದಾಗ ಅತ್ತೆಯ ಮುಖವೇ ಬೇರೆಯಾಯಿತು. ನೀರಿನಲ್ಲಿದ್ದ ನಾಮಕೋಳಿ ಹಕ್ಕಿಗಳೆಲ್ಲ ಒತ್ತೊತ್ತಾಗಿ ಗುಂಪುಗೂಡಿದವು. ಅತ್ತೆ ಹೆಂಟೆ ಎತ್ತಿ ಬೀಸಿದರು. ಸೆಳೆವನೂ ಉತ್ತರದಿಂದಲೇ ಬಂದದ್ದು, ಅದೇ ಚಳಿಗೆ ಹೆದರಿ ಬಂದದ್ದು. ಕಾಳು ತಿನ್ನುವವನು ಅತಿಥಿ, ಮಾಂಸ ತಿನ್ನುವವನು ಕಳ್ಳ ಎಂದು ವಿಂಗಡಿಸಿದವರು ಯಾರು? ಕುಂಭಾಭಿಷೇಕದ ದಿನ ಗೋಪುರದ ಮೇಲೆ ಗರುಡ ಸುತ್ತಿದರೆ ನಾವು ಕೆನ್ನೆ ಬಡಿದುಕೊಳ್ಳುತ್ತೇವೆ. ಅದರ ಕೊಕ್ಕಿನಲ್ಲಿ ಇಲಿಯಿದ್ದರೆ ಮುಖ ತಿರುಗಿಸುತ್ತೇವೆ.

ಮಹಾಭಾರತದ ವನಪರ್ವದಲ್ಲಿ, ತೊಡೆಯೇರಿದ ಪಾರಿವಾಳಕ್ಕೆ ಅಭಯ ಕೊಟ್ಟ ಉಶೀನರ ರಾಜನೊಡನೆ ಗಿಡುಗ ವಾದಕ್ಕೆ ನಿಲ್ಲುತ್ತದೆ. ನನ್ನ ಆಹಾರ ಕಿತ್ತುಕೊಂಡರೆ ನಾನೂ ಸಾಯುತ್ತೇನೆ, ನನ್ನ ಮರಿಗಳೂ ಸಾಯುತ್ತವೆ. ಒಂದು ಧರ್ಮವನ್ನು ಕೆಡಿಸುವ ಧರ್ಮ ಧರ್ಮವಲ್ಲ ಎಂಬುದು ಅದರ ವಾದ. ಹರಿಕಥೆಗಳಲ್ಲಿ ನಾವು ರಾಜನ ತ್ಯಾಗಕ್ಕೆ ಕಣ್ಣೀರಿಟ್ಟು ಗಿಡುಗದ ಮಾತನ್ನು ಮರೆತುಬಿಡುತ್ತೇವೆ. ರಾಜ ಮರೆಯಲಿಲ್ಲ. ಅವನ ಬಳಿ ಬಿಲ್ಲು, ಸೈನ್ಯ ಎಲ್ಲ ಇತ್ತು; ಆದರೂ ಗಿಡುಗವನ್ನು ಓಡಿಸದೆ, ಅದರ ಹಸಿವು ನಿಜವೆಂದು ಒಪ್ಪಿ ತನ್ನ ಮಾಂಸವನ್ನೇ ತಕ್ಕಡಿಗಿಟ್ಟ.

ಇದನ್ನು ಅತ್ತೆಗೆ ಹೇಳಿದೆ. ಸುಮ್ಮನೆ ಕೇಳಿದರು. “ನಮ್ಮಂಗಳದ ಕೋಳಿಮರಿ ಒಯ್ದರೂ ಹಿಂಗ ಅಂತೀರೇನು?” ಎಂದರು. ಇಲ್ಲ. ಆ ಮರಿ ನಮ್ಮನ್ನು ನಂಬಿ ಬೆಳೆದದ್ದು, ಅದನ್ನು ಕಾಯುವೆನೆಂದು ನಾವು ಮಾತು ಕೊಟ್ಟಂತೆಯೇ. ನಾಮಕೋಳಿ ನಂಬಿದ್ದು ಕೆರೆಯನ್ನು, ಸೆಳೆವ ನಂಬಿದ್ದೂ ಕೆರೆಯನ್ನೇ. ಅಲ್ಲಿ ಹೆಂಟೆ ಎತ್ತುವ ಅಧಿಕಾರ ನಮಗಿಲ್ಲ ಎಂದೆ. ಅತ್ತೆ ಇನ್ನೂ ಒಪ್ಪಿಲ್ಲ.