ನಿಸರ್ಗವೀಕ್ಷಕರ ರೋಜುಕಿರ್ದಿ ಮತ್ತು ಸತ್ಯಾಣುವ್ರತ

ಕಲಬುರಗಿ ನಗರದ ಅಪ್ಪನ ಕೆರೆಯ ದಂಡೆ, ಹುಮನಾಬಾದ್ ಮಾರ್ಗದಲ್ಲಿ ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ತೋಟಗಳು, ಇವೆರಡರ ನಡುವಣ ತೊಗರಿ-ಜೋಳದ ಎರೆಭೂಮಿ, ಇಷ್ಟು ಕ್ಷೇತ್ರವಿದ್ದರೆ ಪಕ್ಷಿ, ಕೀಟ, ಸರೀಸೃಪಗಳನ್ನು ಹವ್ಯಾಸಕ್ಕಾಗಿ ವೀಕ್ಷಿಸುವವರ ಸಂಘವೊಂದು ಸುಖವಾಗಿ ನಡೆಯಬಹುದು. ಆದರೆ ಇಂಥ ಸಂಘವನ್ನು ನಡೆಸುವುದು ಶ್ರಾವಕನಿಗೆ ಉಚಿತವೇ, ಮಕ್ಕಳನ್ನು ಅದಕ್ಕೆ ಕಳುಹಿಸಬಹುದೇ ಎಂದು ಮನೆಯ ಹಿರಿಯರು ಕೇಳುವುದು ಸಹಜ. ಜೀವಿಗಳನ್ನು ಅರಿಯುವ ಹೆಸರಿನಲ್ಲಿ ಜೀವಹಿಂಸೆಯಾದೀತೆಂಬ ಅಳುಕು ಅವರದು.

ಈ ಅಳುಕಿಗೆ ಕಾರಣವಿಲ್ಲದಿಲ್ಲ. 1883ರಲ್ಲಿ ಮುಂಬಯಿಯಲ್ಲಿ ಎಂಟು ಮಂದಿ ಹವ್ಯಾಸಿಗಳು ಸ್ಥಾಪಿಸಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಆರಂಭದ ದಶಕಗಳಲ್ಲಿ ಕೋವಿಯೂ ಅಧ್ಯಯನದ ಸಾಧನವೇ ಆಗಿತ್ತು. ಕಲಬುರಗಿಯು ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಕಾಲದಲ್ಲಿ, 1931-32ರಲ್ಲಿ, ಸಲೀಂ ಅಲಿಯವರು ಹೈದರಾಬಾದ್ ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದರು. ಅಂದಿನ ಪದ್ಧತಿಯಂತೆ ಪಕ್ಷಿಗಳನ್ನು ಹೊಡೆದು ಮಾದರಿಗಳನ್ನು ಸಂಗ್ರಹಿಸಿದರು. ಇಂದಿನ ಹವ್ಯಾಸಿಗೆ ದುರ್ಬೀನು ಮತ್ತು ಪೆನ್ಸಿಲು ಸಾಕು. ಮನೆಯಲ್ಲಿ ಅಂದಕ್ಕಾಗಿ ಚಿಟ್ಟೆಗೆ ಸೂಜಿ ಚುಚ್ಚಿ ಗಾಜಿನ ಪೆಟ್ಟಿಗೆಯಲ್ಲಿಡುವುದು ಸಂಕಲ್ಪಹಿಂಸೆಯೂ ಹೌದು, ಪರಿಗ್ರಹವೂ ಹೌದು. ಅಷ್ಟರಮಟ್ಟಿಗೆ ವಿಷಯ ಸರಳ. ಪಾಠಶಾಲೆಯ ಮಕ್ಕಳು ಇರುವೆ ತ್ರೀಂದ್ರಿಯ, ಜೇನ್ನೊಣ ಚತುರಿಂದ್ರಿಯ ಎಂದು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಇರುವೆಸಾಲಿನ ಮುಂದೆ ಅರ್ಧ ತಾಸು ಕುಳಿತು ನೋಡಿದವರು ವಿರಳ. ಸಂಘವು ಅವರನ್ನು ಹಾಗೆ ಕೂರಿಸಿದರೆ ಕೇಡೇನಿಲ್ಲ.

ಕಠಿಣವಾದ ಪ್ರಶ್ನೆ ಬರವಣಿಗೆಯದು. ಇಂಥ ಸಂಘದ ನಿಜವಾದ ಆಸ್ತಿಯೆಂದರೆ ಯಾವ ಜೀವಿ, ಯಾವ ದಿನ, ಎಲ್ಲಿ ಕಂಡಿತೆಂದು ಬರೆದಿಟ್ಟ ರೋಜುಕಿರ್ದಿ. ಕಾಣದುದನ್ನು ಕಂಡೆನೆಂದು ಬರೆಯುವ ಆಸೆ ಹವ್ಯಾಸಿಗೆ ಬರುವುದುಂಟು. ಪಟ್ಟಿ ಬೆಳೆಸುವ ಚಪಲವೂ ಲೋಭವೇ. ಬ್ರಿಟಿಷ್ ಸೈನ್ಯಾಧಿಕಾರಿ ರಿಚರ್ಡ್ ಮೈನರ್ಟ್ಸ್‌ಹೇಗನ್ ಪಕ್ಷಿಶಾಸ್ತ್ರದಲ್ಲಿ ದೊಡ್ಡ ಹೆಸರು ಗಳಿಸಿದ್ದವನು. ಅರಣ್ಯ ಗೂಬೆಯೊಂದನ್ನು 1914ರಲ್ಲಿ ಗುಜರಾತಿನಲ್ಲಿ ತಾನೇ ಸಂಗ್ರಹಿಸಿದ್ದಾಗಿ ಚೀಟಿ ಬರೆದಿಟ್ಟ. ವಾಸ್ತವದಲ್ಲಿ ಅದು ಹತ್ತೊಂಬತ್ತನೆಯ ಶತಮಾನದಲ್ಲಿ ಬೇರೊಬ್ಬರು ಸಂಗ್ರಹಿಸಿದ್ದ, ಇವನು ವಸ್ತುಸಂಗ್ರಹಾಲಯದಿಂದ ಕದ್ದ ಮಾದರಿ. ಆ ಚೀಟಿಯನ್ನು ನಂಬಿ ಹುಡುಕಿದವರಿಗೆ ಗೂಬೆ ಸಿಗಲಿಲ್ಲ. ವಂಚನೆ ಬಯಲಾದ ಮೇಲೆ ಪಮೇಲಾ ರಾಸ್ಮುಸ್ಸೆನ್ ಮತ್ತು ಸಂಗಡಿಗರು ಹಳೆಯ ನಿಜವಾದ ದಾಖಲೆಗಳನ್ನು ಅನುಸರಿಸಿ, 1997ರಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಜೀವಂತ ಗೂಬೆಯನ್ನು ಕಂಡರು. ಉಮಾಸ್ವಾತಿ ಆಚಾರ್ಯರು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ ಕೂಟಲೇಖಕ್ರಿಯೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆ? ಅಂಗಡಿಯ ಸುಳ್ಳು ಲೆಕ್ಕದಿಂದ ಪಾಲುಗಾರರು ಕೆಡುತ್ತಾರೆ. ಈ ಸುಳ್ಳು ಲೆಕ್ಕ ದಶಕಗಳ ಕಾಲ ಒಂದು ಪಕ್ಷಿಯ ರಕ್ಷಣೆಗೇ ಅಡ್ಡ ಬಂದಿತು.

ಹಾಗಾದರೆ ಕಂಡುದೆಲ್ಲವನ್ನೂ ಪ್ರಕಟಿಸಬೇಕೆ? ಕಮಲಾಪುರದ ಹೊಲವೊಂದರ ಬದುವಿನಲ್ಲಿ ಬಾಲಕನೊಬ್ಬ ಮಣ್ಣುಮುಕ್ಕ ಹಾವನ್ನು ಕಂಡನೆಂದು ಭಾವಿಸೋಣ. ಎರಡು ತಲೆಯ ಹಾವೆಂದು ಕರೆದು, ನಿಧಿ ತೋರಿಸುವುದೆಂಬ ಮೂಢನಂಬಿಕೆಯಿಂದ ಆ ನಿರುಪದ್ರವಿ ಪ್ರಾಣಿಯನ್ನು ಹಿಡಿದು ಮಾರುವ ಜಾಲಗಳಿವೆ. ಅಂಥಲ್ಲಿ ಹೊಲದ ಗುರುತು ಅಚ್ಚಾದರೆ ಸತ್ಯವೇ ಬಲೆಯಾಗುತ್ತದೆ. ವಿಪತ್ತಿಗೆ ಕಾರಣವಾಗುವ ಸತ್ಯವನ್ನೂ ಶ್ರಾವಕನು ಆಡತಕ್ಕದ್ದಲ್ಲವೆಂದು ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ. ಉಮಾಸ್ವಾತಿಗಳ ಅದೇ ಅತಿಚಾರಪಟ್ಟಿಯಲ್ಲಿ ಕೂಟಲೇಖದ ಸಂಗಡ ಗುಟ್ಟನ್ನು ಬಯಲು ಮಾಡುವುದೂ, ನಂಬಿ ಇಟ್ಟ ನ್ಯಾಸವನ್ನು ಅಪಹರಿಸುವುದೂ ಸೇರಿವೆ ಎಂಬುದು ಗಮನಾರ್ಹ. ಬೇರೆ ಹಳ್ಳಿಯ ಹೆಸರನ್ನು ಬರೆದರೆ ಅದು ಕೂಟಲೇಖ. ಸ್ಥಳವನ್ನು ಹೇಳದೆ ತಾಲೂಕಿನ ಹೆಸರಷ್ಟನ್ನೇ ಬರೆದರೆ ಅದು ನ್ಯಾಸರಕ್ಷಣೆ. ಈ ಎರಡನ್ನು ಒಂದೇ ಎಂದು ತಿಳಿಯುವುದು ಅವಿವೇಕ.

ಇಷ್ಟಾದರೂ ತೊಡಕು ಪೂರ್ಣವಾಗಿ ಬಿಡಿಸಿದಂತಾಗದು. ಸ್ಥಳವನ್ನು ಎಲ್ಲಿಯೂ ತಿಳಿಸದಿದ್ದರೆ, ಅಲ್ಲಿ ರಕ್ಷಿಸತಕ್ಕ ಜೀವಿಯೇ ಇಲ್ಲವೆಂದು ಎಣಿಸಿ, ಕಲ್ಲುಗಣಿಗೋ ಬಡಾವಣೆಗೋ ಆ ಕುರುಚಲು ನೆಲವನ್ನು ಸಮಗೊಳಿಸುವ ಸಂಭವವಿದೆ. ಆಗ ಮೌನವೇ ಹಿಂಸೆಗೆ ನಿಮಿತ್ತವಾಗುತ್ತದೆ. ಇಲ್ಲಿ ಬಸದಿಗಳ ಟ್ರಸ್ಟುಗಳಿಗೆ ಪರಿಚಿತವಾದ ಕ್ರಮವೊಂದು ಸಹಾಯಕ್ಕೆ ಬರುತ್ತದೆ. ಭಂಡಾರದ ಬೀಗದ ಕೈ ಇಬ್ಬರ ಬಳಿ ಇರುವಂತೆ, ನಿಖರವಾದ ಸ್ಥಳಗಳನ್ನು ಬರೆದ ಪುಸ್ತಕವು ಕಾರ್ಯದರ್ಶಿ ಮತ್ತು ಮತ್ತೊಬ್ಬ ಹಿರಿಯ ಸದಸ್ಯರ ಜಂಟಿ ವಶದಲ್ಲಿರಬೇಕು. ಅರಣ್ಯ ಇಲಾಖೆಗೆ ತಿಳಿಸುವ ಪ್ರಸಂಗ ಬಂದಾಗ ಇಬ್ಬರೂ ಕೂಡಿ ನಿರ್ಧರಿಸಿ, ಯಾವ ಅಧಿಕಾರಿಗೆ, ಯಾವ ಕಾರಣಕ್ಕೆ ತಿಳಿಸಿದೆವೆಂಬುದನ್ನು ಅದೇ ದಿನ ಅದೇ ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು.