ಬೊಗಸೆಯ ನೆನಪು

ನಮ್ಮ ಅವ್ವಂದಿರು ಅಂಗಡಿಗೋ ಪಂಚಾಯ್ತಿ ಆಫೀಸಿಗೋ ಹೊರಟಾಗ 'ಊರೊಳಕ್ಕೆ ಹೋಗ್ಬುಟ್ಟು ಬತ್ತೀನಿ' ಅನ್ನುತ್ತಿದ್ದರು. ಹುಟ್ಟಿದ್ದು ಅದೇ ಊರು, ಸತ್ತರೆ ಮಣ್ಣಾಗುವುದು ಅದೇ ಊರಿನ ಎಲ್ಲೆಯಲ್ಲಿ. ಆದರೂ ಊರೊಳಕ್ಕೆ 'ಹೋಗಿ ಬರುವ' ಜನ ನಾವು. ಊರು ಬೇರೆ, ಕೇರಿ ಬೇರೆ. ನಡುವೆ ಒಂದು ಕಾಲುವೆ, ನಾಲ್ಕು ಹುಣಸೇಮರ. ಆ ಮರಗಳ ಆಚೆ ಈಚೆ ಬೆಳೆದ ಮಕ್ಕಳು ಒಂದೇ ಶಾಲೆಯಲ್ಲಿ ಕೂತು, ದೊಡ್ಡವರಾಗಿ, ಚದುರಿಹೋಗಿ, ಮತ್ತೆ ಒಂದು ದಿನ ಸೇರಿ 'ನಮ್ಮೂರು, ನಮ್ಮ ಬಾಲ್ಯ' ಎಂದು ಮಾತಾಡಲು ಕೂತರೆ, ಆ 'ನಮ್ಮ' ಅನ್ನುವ ಮಾತಿನೊಳಗೆ ಯಾರು ಯಾರು ಇರುತ್ತಾರೆ? ಗೆಳೆತನ ಉಳಿಯಬೇಕಾದರೆ ಮರೆಯಬೇಕೋ, ನೆನಪಿಡಬೇಕೋ? ಇದು ಪುಸ್ತಕ ಓದಿ ಹುಟ್ಟಿದ ಪ್ರಶ್ನೆಯಲ್ಲ. ಫೋನಿನಲ್ಲಿ ಬಂದ ಪ್ರಶ್ನೆ.

ನಮ್ಮದು ನಂಜನಗೂಡು ಸೀಮೆಯ ಒಂದು ಸರ್ಕಾರಿ ಶಾಲೆ. ಒಂದನೇ ಕ್ಲಾಸಿನಿಂದ ಹತ್ತರವರೆಗೆ ಒಂದೇ ಆವರಣ. 2014ರಲ್ಲಿ ಕೇರಿಯಿಂದ ಎಸ್ಸೆಸ್ಸೆಲ್ಸಿಗೆ ಕೂತವರು ನಾವು ನಾಲ್ಕು ಜನ ಹುಡುಗರು. ಈಗ ಒಬ್ಬ ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಕೂಲಿ, ಒಬ್ಬ ಬೆಂಗಳೂರಲ್ಲಿ ಗಾರೆ ಕೆಲಸ, ಒಬ್ಬ ಆಟೋ ಓಡಿಸುತ್ತಾನೆ, ಒಬ್ಬ ಬಿ.ಎ. ಮುಗಿಸಿ ಪದ್ಯ ಬರೆಯುತ್ತಾನೆ. 2024ರ ಬೇಸಿಗೆಯಲ್ಲಿ ಊರಿನ ಸಹಪಾಠಿಯೊಬ್ಬ ನಮ್ಮಲ್ಲೊಬ್ಬನಿಗೆ ಫೋನು ಮಾಡಿದ.

'ಹತ್ತು ವರ್ಷ ಆಯ್ತು ಕಣ್ಲಾ. ಎಲ್ಲಾರೂ ಸೇರಣ. ಮೇಷ್ಟ್ರುಗಳಿಗೆ ಶಾಲು ಹೊದ್ಸಿ ಗುರುವಂದನೆ ಮಾಡಣ. ತಲೆಗೆ 500 ರೂಪಾಯಿ. ನಿಮ್ಮ ಕವಿಗೂ ಹೇಳು, ಊರ್ ಮ್ಯಾಲೆ ಒಂದು ಪದ್ಯ ಓದ್ಲಿ.' ಒಂದು ಗಳಿಗೆ ಸುಮ್ಮನಿದ್ದು ಮತ್ತೆ ಹೇಳಿದ: 'ಆ ಹಳೇದೆಲ್ಲಾ ಕೆದಕಾದು ಬ್ಯಾಡ. ಖುಷಿಯಾಗಿರಣ. ಅಂದಂಗೆ, ನಿಮ್ಮಪ್ಪ ಹೆಂಗವ್ನೆ?'

ಹಳೆಯದು ಬೇಡ ಅಂದವನು ಕರೆದದ್ದು ಹಳೆಯದನ್ನು ನೆನೆಸಿಕೊಳ್ಳುವುದಕ್ಕೇ. ಅಂದರೆ ಅವನಿಗೆ ಹಳೆಯದರಲ್ಲಿ ಅರ್ಧ ಬೇಕು, ಅರ್ಧ ಬೇಡ. ಆ ಗೆರೆ ಎಳೆಯುವವರು ಯಾರು ಎಂಬುದೇ ನಮ್ಮ ತಕರಾರು.

ಬೇಕಾದ ಅರ್ಧ ನಮಗೂ ಬೇಕಾದದ್ದೇ. ಕಾಲುವೆಯಲ್ಲಿ ಟವಲ್ಲು ಒಡ್ಡಿ ಮೀನು ಹಿಡಿದದ್ದು, ಹುಣಸೇಕಾಯಿಗೆ ಉಪ್ಪು ಕಾರ ಹಚ್ಚಿ ಚಪ್ಪರಿಸಿದ್ದು ನಮ್ಮ ನಾಲಗೆಯಲ್ಲೂ ಇದೆ. ಎಂಟನೇ ಕ್ಲಾಸಿನಲ್ಲಿ ಸರ್ಕಾರದ ಸೈಕಲ್ಲು ಬಂದ ದಿನ ಊರಿನ ಹುಡುಗರೂ ಕೇರಿಯ ಹುಡುಗರೂ ಸಾಲಾಗಿ ಹೊಳೇ ದಡದ ತನಕ ಹೋಗಿ ಬಂದೆವು. ಲೆಕ್ಕ ಬಾರದ ನಮ್ಮನ್ನು ಮುಂದಿನ ಬೆಂಚಿಗೆ ಕರೆದು, ಹೆಗಲ ಮೇಲೆ ಕೈಯಿಟ್ಟು ಕಲಿಸಿದ ಮೇಷ್ಟ್ರು ಒಬ್ಬರಿದ್ದರು. ಈ ಸಂತೋಷವನ್ನು ಯಾರೂ ನಮಗೆ ದಾನ ಕೊಟ್ಟದ್ದಲ್ಲ. ದಲಿತನ ಬಾಲ್ಯ ಎಂದರೆ ಬರೀ ಗೋಳು ಎಂದು ಬರೆಯುವವರೂ ನಮ್ಮಿಂದ ಏನನ್ನೋ ಕಿತ್ತುಕೊಳ್ಳುತ್ತಾರೆ. ಹಸಿದ ಮಕ್ಕಳೂ ನಗುತ್ತವೆ. ಆ ನಗು ನಮ್ಮದೇ.

ಬೇಡವಾದ ಅರ್ಧ ಯಾವುದು? ಶಾಲೆಯ ಬೋರ್‌ವೆಲ್ಲಿನಲ್ಲಿ ನೀರಿದ್ದಷ್ಟು ದಿನ ಯಾರು ಬೇಕಾದರೂ ಪಂಪು ಒತ್ತಬಹುದಾಗಿತ್ತು. ಬೇಸಿಗೆಯಲ್ಲಿ ಅದು ಬತ್ತಿದಾಗ ಊರಿನ ಮನೆಯಿಂದ ಕೊಡದಲ್ಲಿ ನೀರು ಬಂದು ಜಗಲಿ ಮೇಲೆ ಕೂರುತ್ತಿತ್ತು. ಆಗ ನಾವು ಮೆಟ್ಟಿಲ ಕೆಳಗೆ ನಿಂತು ಬೊಗಸೆ ಒಡ್ಡಬೇಕು. ಊರಿನ ಹುಡುಗನೊಬ್ಬ ಚೊಂಬು ಎತ್ತಿ ಮೇಲಿನಿಂದ ಹುಯ್ಯಬೇಕು. ಅರ್ಧ ನೀರು ಬಾಯಿಗೆ, ಅರ್ಧ ಅಂಗಿಗೆ. ಮಧ್ಯಾಹ್ನ ಸಾರಿನ ಸೌಟೂ ಹಾಗೇ, ತಟ್ಟೆಗೆ ತಾಗದಂತೆ ಒಂದು ಗೇಣು ಮೇಲಿನಿಂದಲೇ. ಸುಪ್ರೀಂ ಕೋರ್ಟು 2001ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಶುರುವಾಯಿತು. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಇರಬೇಕು ಎಂದು 2004ರಲ್ಲಿ ಅದೇ ಕೋರ್ಟು ಹೇಳಿತು. ಆ ಮಾತು ದೆಹಲಿಯಿಂದ ಹೊರಟು ನಮ್ಮ ಶಾಲೆಯ ಅಡುಗೆಮನೆ ಹೊಸ್ತಿಲಿಗೆ ಬರುವಷ್ಟರಲ್ಲಿ ಕಾಲು ಸೋತು ಕೂತುಬಿಟ್ಟಿತ್ತು. ಇನ್ನು ಬೆಳಿಗ್ಗೆ ಶಾಲೆ ಗುಡಿಸುವ ಸರದಿ. ಹೆಸರಿಗೆ ಅದು ಎಲ್ಲರಿಗೂ ಸೇರಿದ್ದು, ಪೊರಕೆ ಮಾತ್ರ ಕೇರಿಯ ಮಕ್ಕಳಿಗೆ.

ಮತ್ತೊಂದಿದೆ. ಹತ್ತು ವರ್ಷದ ನಮ್ಮ ಗೆಳೆಯ ನಮ್ಮ ಅಪ್ಪಂದಿರನ್ನು ಹೆಸರು ಹಿಡಿದು, ಏಕವಚನದಲ್ಲಿ ಕೂಗುತ್ತಿದ್ದ. ನಮ್ಮ ಅಪ್ಪಂದಿರು ಟವಲ್ಲು ಕೈಗೆ ತಗೊಂಡು ಆ ಹುಡುಗನಿಗೆ 'ಏನ್ ಚಿಕ್ ಬುದ್ಧಿ' ಅನ್ನುತ್ತಿದ್ದರು. ಆಮೇಲೆ ನಾವೂ ಅವನೂ ಗೋಲಿ ಆಡಲು ಹೋಗುತ್ತಿದ್ದೆವು. ಗೋಲಿ ಆಟದಲ್ಲಿ ನಾವು ಗೆದ್ದರೂ ಎಲ್ಲೋ ಸೋತಿದ್ದೇವೆ ಅನ್ನಿಸುತ್ತಿತ್ತು. ಎಲ್ಲಿ ಅಂತ ಆಗ ಗೊತ್ತಾಗುತ್ತಿರಲಿಲ್ಲ.

ಈ ನೀರಿನ ಕತೆ ನಮ್ಮೂರಿನಲ್ಲಿ ಹುಟ್ಟಿದ್ದಲ್ಲ. ಬಾಬಾಸಾಹೇಬರು ಸಾತಾರದಲ್ಲಿ ಬಾಲಕನಾಗಿದ್ದಾಗ ಮನೆಯಿಂದ ಗೋಣಿತಟ್ಟು ಒಯ್ದು ಕ್ಲಾಸಿನಲ್ಲಿ ಬೇರೆ ಕೂರಬೇಕಾಗಿತ್ತು. ಶಾಲೆಯ ನಲ್ಲಿಯನ್ನು ಅವರು ಮುಟ್ಟುವಂತಿರಲಿಲ್ಲ. ಪ್ಯೂನು ಬಂದು ತಿರುಗಿಸಿದರೆ ನೀರು, ಅವನಿಲ್ಲದ ದಿನ ನೀರಿಲ್ಲ. ಮುಂದೆ 1927ರ ಮಾರ್ಚ್ 20ರಂದು ಅವರು ಮಹಾಡದ ಚವದಾರ ಕೆರೆಗೆ ಜನರನ್ನು ಕರೆದುಕೊಂಡು ಹೋಗಿ ನೀರು ಕುಡಿದರು. ಆ ಕೆರೆಯ ದಾರಿ ಶಾಲೆಯ ನಲ್ಲಿಯಿಂದಲೇ ಶುರುವಾಗಿತ್ತು ಎಂದು ನಾವು ತಿಳಿಯುತ್ತೇವೆ. 'ವೇಟಿಂಗ್ ಫಾರ್ ಎ ವೀಸಾ' ಎಂಬ ಸಣ್ಣ ಬರಹದಲ್ಲಿ ಅವರು ಈ ನಲ್ಲಿಯ ಕತೆ ಬರೆದಿಟ್ಟಿದ್ದಾರೆ. ಅದು ಪುಸ್ತಿಕೆಯಾಗಿ ಅಚ್ಚಾದದ್ದು ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1990ರಲ್ಲಿ. ಕನ್ನಡದಲ್ಲಿ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ', ಸಿದ್ಧಲಿಂಗಯ್ಯನವರ 'ಊರುಕೇರಿ' ಬಂದವು. ಇವರು ಯಾರೂ ಬಾಲ್ಯವನ್ನು ಹಳಹಳಿಕೆಗಾಗಿ ನೆನೆಯಲಿಲ್ಲ. ಸಾಕ್ಷಿ ಹೇಳಲು ನೆನೆದರು. ಹಳಹಳಿಕೆಗೆ ಎದುರಿಗೆ ಯಾರೂ ಬೇಕಾಗಿಲ್ಲ, ಕನ್ನಡಿ ಸಾಕು. ಸಾಕ್ಷಿ ಹೇಳಬೇಕಾದರೆ ಎದುರಿಗೆ ಇನ್ನೊಬ್ಬ ಮನುಷ್ಯ ಬೇಕು.

ಹೋಗುವುದೋ ಬೇಡವೋ ಎಂದು ನಾಲ್ವರೂ ಒಂದು ರಾತ್ರಿ ಕೂತು ಮಾತಾಡಿದೆವು. ಆಟೋದವನು 'ಹೋಗದೇ ಬ್ಯಾಡ' ಅಂದ. ಹೋಗದಿದ್ದರೆ ಆ ನೆನಪು ಪೂರ್ತಿ ಅವರದೇ ಆಗಿಬಿಡುತ್ತದಲ್ಲ ಎಂದು ಕಾರ್ಖಾನೆಯವನು ಕೇಳಿದ. ಪದ್ಯ ಬರೆಯೋಣ ಎಂದುಕೊಂಡರೆ ಗಾರೆ ಕೆಲಸದವನು ಒಪ್ಪಲಿಲ್ಲ. 'ಪದ್ಯದಲ್ಲಿ ಹೇಳುದ್ರೆ ಚಪ್ಪಾಳೆ ಹೊಡ್ದು ಮರ್ತುಬುಡ್ತಾರೆ. ಬರೀ ಮಾತ್ನಲ್ಲಿ ಹೇಳಿ' ಅಂದ. ಕಾವ್ಯದ ಬಗ್ಗೆ ಇಷ್ಟು ಖಡಕ್ಕಾದ ವಿಮರ್ಶೆಯನ್ನು ನಾವು ಯಾವ ಸೆಮಿನಾರಿನಲ್ಲೂ ಕೇಳಿಲ್ಲ.

ಹೋದೆವು. ಮೀನು, ಹುಣಸೆ, ಸೈಕಲ್ಲು ಎಲ್ಲ ಹೇಳಿದೆವು, ಎಲ್ಲರ ಜೊತೆ ನಕ್ಕೆವು. ಆಮೇಲೆ ಅದೇ ದನಿಯಲ್ಲಿ, ದನಿ ಏರಿಸದೆ, ಬೊಗಸೆ ನೀರನ್ನೂ ಸೌಟನ್ನೂ ಶಾಲೆ ಗುಡಿಸಿದ್ದನ್ನೂ ಹೇಳಿದೆವು. ಪೆಂಡಾಲಿನಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯಿತು. 'ಇಲ್ಲೂ ಜಾತಿ ತರಬ್ಯಾಡ್ರಪ್ಪ' ಅಂತ ಹಿಂದಿನ ಸಾಲಿನಿಂದ ಯಾರೋ ಅಂದರು. ನಾವು ತಂದದ್ದಲ್ಲ. ನಮಗಿಂತ ಮೊದಲೇ ಬಂದು ಜಗಲಿ ಮೇಲೆ ಕೂತಿತ್ತು.

ಊಟದ ಹೊತ್ತಿನಲ್ಲಿ, ಫೋನು ಮಾಡಿದ್ದನಲ್ಲ, ಆ ಗೆಳೆಯ ಎಲೆಯ ಪಕ್ಕ ಬಂದು ಕೂತ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: 'ನಾನೂ ಹುಯ್ತಿದ್ನೇನ್ಲಾ?'

'ಹ್ಞೂ. ಜಾಸ್ತಿ ನೀನೇ.'

'ನಂಗೆ ಗ್ಯಾನ್ವೇ ಇಲ್ಲ ಕಣ್ಲಾ.'

ಅವನು ಸುಳ್ಳು ಹೇಳುತ್ತಿರಲಿಲ್ಲ. ನಮ್ಮನ್ನು ಕಾಡಿದ್ದೂ ಅದೇ. ಸುಳ್ಳು ಹೇಳಿದ್ದರೆ ಜಗಳ ಆಡಬಹುದಿತ್ತು. ನಿಜವಾಗಿ ಮರೆತವನ ಜೊತೆ ಏನು ಮಾಡುವುದು?

ಗೆಳೆಯರೇ, ಮರೆವು ಎಲ್ಲರಿಗೂ ಒಂದೇ ರೀತಿ ಬರುವುದಿಲ್ಲ. ನಾವು ದಿನಾ ಎಷ್ಟು ಸಲ ಉಸಿರಾಡಿದೆವು ಎಂದು ಯಾರಾದರೂ ನೆನಪಿಡುತ್ತಾರೆಯೇ? ಉಸಿರು ಕಟ್ಟಿದ ದಿನ ಮಾತ್ರ ನೆನಪಿರುತ್ತದೆ. ಅವನಿಗೆ ಆ ಚೊಂಬು ಉಸಿರಾಟದ ಹಾಗೆ, ಮನೆಯಲ್ಲಿ ಕಲಿತ ರೂಢಿ. ನಮಗೆ ಅದು ಉಸಿರು ಕಟ್ಟಿದ ಗಳಿಗೆ. ಹುಯ್ದ ಕೈಗೆ ಮರೆವು ಸುಲಭ, ಒಡ್ಡಿದ ಬೊಗಸೆಗೆ ಅಲ್ಲ. ಹೀಗೆ ಮರೆಸುವುದು ಜಾತಿ ವ್ಯವಸ್ಥೆಯ ದೊಡ್ಡ ಕಸುಬು. ಅದು ಅನ್ಯಾಯ ಮಾಡಿಸುತ್ತದೆ, ಮಾಡಿದವನ ಮನಸ್ಸಿನಲ್ಲಿ ಒಂದು ಗೀರೂ ಉಳಿಯದ ಹಾಗೆ ಮಾಡಿಸುತ್ತದೆ. ಅಸ್ಪೃಶ್ಯತೆಯನ್ನು ರದ್ದು ಮಾಡಿದ ಸಂವಿಧಾನದ 17ನೇ ವಿಧಿ 1950ರಿಂದ ಜಾರಿಯಲ್ಲಿದೆ. ಚೊಂಬಿಗೆ ಅದನ್ನು ಓದಿ ಹೇಳುವವರು ನಮ್ಮ ಶಾಲೆಯಲ್ಲಿ ಇರಲಿಲ್ಲ.

ಹಾಗಾದರೆ ಅವನು ತಪ್ಪಿತಸ್ಥನೇ? ಹತ್ತು ವರ್ಷದ ಹುಡುಗನನ್ನು ಕಟಕಟೆಯಲ್ಲಿ ನಿಲ್ಲಿಸುವ ಆಸೆ ನಮಗಿಲ್ಲ. ಆ ಹುಡುಗನ ಕೈಗೆ ಚೊಂಬು ಕೊಟ್ಟವರು ಬೇರೆ. ಆದರೆ ಹತ್ತು ವರ್ಷದವನ ಮುಗ್ಧತೆಯನ್ನು ಇಪ್ಪತ್ತಾರು ವರ್ಷದವನು ಹೊದ್ದುಕೊಂಡು ಓಡಾಡುವುದಕ್ಕೆ ಆಗುವುದಿಲ್ಲ. ಹೇಳುವವರೆಗೆ ಅದು ಮರೆವು. ಹೇಳಿದ ಮೇಲೂ 'ಬಿಡು, ಹಳೇದು' ಅಂದರೆ ಅದು ಆಯ್ಕೆ, ಅದಕ್ಕೆ ಹೊಣೆ ಇದೆ. ಕ್ಷಮೆಯ ಮಾತೂ ಅಷ್ಟೇ. ಕ್ಷಮಿಸಿ ಮುಂದೆ ಹೋಗಿ ಎಂದು ನಮಗೆ ಬುದ್ಧಿ ಹೇಳುವವರು ಬಹಳ. ಆದರೆ ನಡೆದೇ ಇಲ್ಲ ಅನ್ನುವುದನ್ನು ಕ್ಷಮಿಸುವುದು ಹೇಗೆ? 'ಹೌದು, ನಡೆಯಿತು' ಅಂದವನನ್ನು ಮಾತ್ರ ಕ್ಷಮಿಸಲು ಸಾಧ್ಯ. ನೆನಪು ಹಂಚಿಕೊಳ್ಳುವುದು ಅಂದರೆ ಅದರ ಸಿಹಿಯನ್ನು ಹಂಚುವುದಷ್ಟೇ ಅಲ್ಲ. ಅದರ ಭಾರವನ್ನೂ ಇಬ್ಬರೂ ಹೊರಬೇಕು. ಇಷ್ಟು ವರ್ಷ ಆ ಮೆಟ್ಟಿಲನ್ನು ನಾವೇ ಹೊತ್ತಿದ್ದೆವು. ಒಂದು ಕಡೆಯಿಂದ ಅವನೂ ಹಿಡಿಯಲಿ ಅನ್ನುವುದಷ್ಟೇ ನಮ್ಮ ಬೇಡಿಕೆ.

ಇಷ್ಟಕ್ಕೇ ಈ ಬರಹ ಮುಗಿದಿದ್ದರೆ ನಮಗೂ ಹಿತವಾಗಿತ್ತು. ಮುಗಿಯಲಿಲ್ಲ.

ಅವತ್ತು ಸಂಜೆ ಕೇರಿಗೆ ಬಂದು ಜಗಲಿ ಮೇಲೆ ಕೂತು, ಏನೇನು ಹೇಳಿದೆವು ಎಂದು ಬೀಗುತ್ತಾ ಹೇಳುತ್ತಿದ್ದೆವು. ತವರಿಗೆ ಬಂದಿದ್ದ ಒಬ್ಬಳು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಕೇಳುತ್ತಾ ನಿಂತಿದ್ದಳು. ಒಂದನೇ ಕ್ಲಾಸಿನಿಂದ ಏಳರವರೆಗೆ ನಮ್ಮ ಜೊತೆಗೇ ಓದಿದವಳು. ಅವಳು ನಕ್ಕಳು.

'ಸ್ಕೂಲು ಗುಡಿಸ್ತಿದ್ದೊ ಅಂತ ಹೇಳುದ್ರಾ? ನೀವು ಯಾವತ್ತು ಪೊರಕೆ ಹಿಡ್ದಿದ್ರಿ? ನೀವು ಗ್ರೌಂಡ್ನಲ್ಲಿ ಆಡ್ತಿದ್ರಿ. ಗುಡಿಸ್ತಿದ್ದೋಳು ನಾನು.'

ನಾಲ್ವರೂ ತಲೆ ತಗ್ಗಿಸಿದೆವು. ನಿಜ. ಕೇರಿಯ ಪಾಲಿಗೆ ಬಂದ ಪೊರಕೆಯನ್ನು ನಾವು ಅವಳ ಕೈಗೆ ದಾಟಿಸಿ ಆಡಲು ಓಡುತ್ತಿದ್ದೆವು. ಅದು ನಮಗೆ ನೆನಪೇ ಇರಲಿಲ್ಲ. ನಾವೂ ಸುಳ್ಳು ಹೇಳಿರಲಿಲ್ಲ, ಅವನಂತೆಯೇ ಮರೆತಿದ್ದೆವು. 2011ರಲ್ಲಿ, ಸೈಕಲ್ಲು ಬರುವ ಮುಂಚೆ, ತಮ್ಮ ತಂಗಿಯರನ್ನು ನೋಡಿಕೊಳ್ಳಲು ಅವಳ ಓದು ನಿಂತಿತು. ಆರರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಶಿಕ್ಷಣ ಹಕ್ಕು ಎನ್ನುವ ಕಾಯ್ದೆ ಜಾರಿಗೆ ಬಂದು ಆಗಲೇ ಒಂದು ವರ್ಷ ಕಳೆದಿತ್ತು. ಅವಳಿಗೆ ಹದಿಮೂರು. ಕೂಟಕ್ಕೆ ಕರೆದದ್ದು ಎಸ್ಸೆಸ್ಸೆಲ್ಸಿ ಪಟ್ಟಿ ನೋಡಿ. ಅವಳ ಹೆಸರು ಅದರಲ್ಲಿ ಇರಲು ಸಾಧ್ಯವೇ ಇಲ್ಲ. ಊರಿನವರು ಬಿಟ್ಟರು, ಸರಿ. ನಾವು? ಹೋಗುವುದೋ ಬೇಡವೋ ಎಂದು ರಾತ್ರಿಯಿಡೀ ಚರ್ಚೆ ಮಾಡಿದ ನಾವು ಕೇರಿಯಿಂದ 'ನಾಲ್ಕು ಜನ' ಎಂದೇ ಲೆಕ್ಕ ಹಾಕಿದ್ದೆವು. ಈ ಬರಹದ ಮೊದಲಲ್ಲೂ ಹಾಗೇ ಬರೆದಿದ್ದೇವೆ. ಅದನ್ನು ತಿದ್ದದೆ ಬಿಟ್ಟಿರುವುದು ಓದುವವರಿಗೆ ಕಾಣಲಿ ಅಂತ.

ಹಾಗಾದರೆ ನಮ್ಮ 'ನಾವು' ಕೂಡ ಪೂರ್ತಿಯಾದದ್ದಲ್ಲ. ಅದರ ಕೆಳಗೂ ಒಂದು ಮೆಟ್ಟಿಲಿತ್ತು, ಅಲ್ಲೂ ಒಬ್ಬಳು ನಿಂತಿದ್ದಳು. ಇದನ್ನು ಹೇಳಿದರೆ ಊರಿನವರ ಅನ್ಯಾಯ ಸಣ್ಣದಾಗುತ್ತದೆ ಎಂದು ಹೆದರುವ ಸಂಗಾತಿಗಳಿದ್ದಾರೆ. ಸಣ್ಣದಾಗುವುದಿಲ್ಲ. ನಮ್ಮ ಗೆಳೆಯನನ್ನು ನಾವು ಯಾವ ನ್ಯಾಯಕ್ಕೆ ನಿಲ್ಲಿಸಿದೆವೋ ಅದೇ ನ್ಯಾಯಕ್ಕೆ ನಾವೂ ನಿಂತರೆ ಮಾತ್ರ ನಮ್ಮ ಮಾತಿಗೆ ಬೆಲೆ. ಅವಳಿಗೆ 'ಹೌದು ಕಣವ್ವ, ಗುಡಿಸಿದ್ದು ನೀನೇ' ಅಂದೆವು. ಅವಳು ಕ್ಷಮಿಸಿದಳೋ ಇಲ್ಲವೋ ಗೊತ್ತಿಲ್ಲ. 'ಮುಂದುಲ್ ಸಲ ಕರೀರಿ, ನಾನೂ ಹೇಳ್ತೀನಿ' ಅಂದಳು.

ಅದಕ್ಕೇ ಈ ಪತ್ರಿಕೆ ಓದುವ ಮೇಷ್ಟ್ರುಗಳಲ್ಲಿ, ವಿದ್ಯಾರ್ಥಿಗಳಲ್ಲಿ ಒಂದು ಮಾತು. ಈಗ ಎಲ್ಲ ಊರುಗಳಲ್ಲೂ ಹಳೇ ವಿದ್ಯಾರ್ಥಿಗಳು ಸೇರುತ್ತಿದ್ದಾರೆ, ಶಾಲು ಹೊದಿಸುತ್ತಿದ್ದಾರೆ. ಸೇರಲಿ, ಒಳ್ಳೆಯದೇ. ಆದರೆ ಕರೆಯುವಾಗ ಪಾಸಾದವರ ಪಟ್ಟಿ ಹಿಡಿಯಬೇಡಿ. ಶಾಲೆಯ ಬೀರುವಿನಲ್ಲಿರುವ ಒಂದನೇ ಕ್ಲಾಸಿನ ದಾಖಲಾತಿ ಪುಸ್ತಕ ತೆಗೆಯಿರಿ. ಅದರಲ್ಲಿ ನಡುವೆ ನಿಂತುಹೋದವರ ಹೆಸರುಗಳಿವೆ. ಅವರ ಮನೆ ಬಾಗಿಲಿಗೆ ಹೋಗಿ, ನಿನಗೇನು ನೆನಪಿದೆ ಎಂದು ಕೇಳಿ. ಊರಿನ ನಿಜವಾದ ಚರಿತ್ರೆ ಅವರ ಹತ್ತಿರ ಇದೆ.

ನಮ್ಮ ಗೆಳೆಯನಿಗೂ ಇದನ್ನೇ ಹೇಳಿದೆವು. ಮೂರು ತಿಂಗಳು ಅವನ ಸುದ್ದಿಯಿರಲಿಲ್ಲ. ಮುನಿಸಿಕೊಂಡ ಅಂದುಕೊಂಡೆವು. ಒಂದು ದಿನ ಫೋನು ಬಂತು. ಹೆಡ್ಮೇಷ್ಟ್ರನ್ನು ಕೇಳಿ ದಾಖಲಾತಿ ಪುಸ್ತಕ ನೋಡಿದನಂತೆ, ಕೂಟಕ್ಕೆ ಬಾರದ ಹನ್ನೊಂದು ಹೆಸರು ಸಿಕ್ಕಿವೆಯಂತೆ. ಇಡುವ ಮುಂಚೆ ಕೇಳಿದ: 'ಅಪ್ಪಾರು ಹೆಂಗವ್ರೆ?'

ಹೆಂಗವ್ನೆಯಿಂದ ಹೆಂಗವ್ರೆಗೆ ಬರಲು ಹತ್ತು ವರ್ಷದ ಶಾಲೆ, ಹತ್ತು ವರ್ಷದ ದೂರ, ಒಂದು ದಿನದ ಕಹಿ ಬೇಕಾಯಿತು. ಇದನ್ನು ಕ್ರಾಂತಿ ಎಂದು ನಾವು ಕರೆಯುವುದಿಲ್ಲ.

ಒಳಗೆ ಬಂದು ಅಪ್ಪನಿಗೆ ಹೇಳಿದರೆ, ಅಪ್ಪ ಬೀಡಿ ಆರಿಸಿ, ಕೂತಲ್ಲೇ ಟವಲ್ಲು ಸರಿಮಾಡಿಕೊಂಡು ಕೇಳಿದ: 'ಏನಂದ್ರು ಚಿಕ್ ಬುದ್ಧಿಯೋರು?'